ಕೊಳಲು ಕೊಳ್ಳುವವನ ಚಿಂತೆ

ತಂತಿವಾದ್ಯವನ್ನು ಬಾರಿಸುವವರಿಗೆ ಒಂದು ಸೌಕರ್ಯವುಂಟು. ಹಾಡುವವನ ಕಂಠವು ಮೇಲಿರಲಿ, ಕೆಳಗಿರಲಿ, ಬಿರಡೆಯನ್ನು ತಿರುವಿದರೆ ವಾದ್ಯವು ಶ್ರುತಿಗೆ ಬರುವದು. ಕೊಳಲಿಗೆ ಬಿರಡೆಯಿಲ್ಲ. ಬಿದಿರನ್ನು ಕೊಯ್ದು ರಂಧ್ರ ಕೊರೆದ ದಿನವೇ ಅದರ ಷಡ್ಜವು ನಿಶ್ಚಿತವಾಗಿ ಹೋಗುವದು. ಆಮೇಲೆ ತುಟಿಯನ್ನು ಓರೆ ಮಾಡಿ ಸ್ವರವನ್ನು ಏರಿಸಿ ಇಳಿಸುವದೆಲ್ಲ ತುಸುವಿನ ಮಾತೇ ಸರಿ. ಆದುದರಿಂದ ಕೊಳಲುಗಾರನನ್ನು "ನಿನ್ನ ಮೆಚ್ಚಿನ ಕೊಳಲು ಯಾವದು?" ಎಂದು ಕೇಳುವ ಮುನ್ನ "ಎಲ್ಲಿ ಊದುವೆ, ಯಾರ ಸಂಗಡ ಊದುವೆ?" ಎಂದು ಕೇಳಬೇಕಾಗುವದು.

ಘಟಪ್ರಭೆಯ ಬಯಲಿನಲ್ಲಿರುವ ಅರಭಾವಿಯಂಥ ಊರಿನ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿರಿ. ಅವನಿಗೆ ಕೊಳಲಿನ ಮೊದಲ ಪರಿಚಯವಾಗುವದು ಜಾತ್ರೆಯಲ್ಲಿ. ಗಳುವಿಗೆ ಕೊಳಲುಗಳನ್ನು ಸಿಕ್ಕಿಸಿಕೊಂಡು ತಿರುಗುವ ಮಾರಾಟಗಾರನ ಬಾಯಲ್ಲಿ ಸೊಗಸಾಗಿ ನುಡಿದ ಕೊಳಲು, ಮನೆಗೆ ಬಂದ ಕೂಡಲೆ ಮೂಕಾಗುವದನ್ನು ಕಾಣದ ತಂದೆತಾಯಿಗಳುಂಟೆ? ಅಡ್ಡವಾಗಿ ಹಿಡಿದು ಊದುವ ಕೊಳಲಿಗೆ ತುಟಿಯ ಅಭ್ಯಾಸ ಬೇಕು. ತುದಿಗೆ ಬೆಣೆ ಹಾಕಿ ಸಿಳ್ಳಿನಂತೆ ಮಾಡಿದ ಪೀಪಿಗೆ ಅದು ಬೇಡ. ಉಸಿರು ಬಿಟ್ಟರೆ ಸಾಕು. ಇಂಗ್ಲಂಡಿನಲ್ಲಿ ರಾಬರ್ಟ್ ಕ್ಲಾರ್ಕ್ ಎಂಬಾತನು ೧೮೪೩ರಲ್ಲಿ ತಗಡಿನಿಂದ ಮಾಡತೊಡಗಿದ ಪೀಪಿಯೂ ಇದೇ ಜಾತಿಯದು. ಅದಕ್ಕೂ ಆರೇ ರಂಧ್ರಗಳು. ಅಗ್ಗವಾದ ಆ ವಾದ್ಯವನ್ನು ಐರ್ಲಂಡಿನ ಜನರು ತಮ್ಮ ಕುಣಿತದ ಹಾಡುಗಳಿಗೆ ಒಗ್ಗಿಸಿಕೊಂಡರು. ಅಲ್ಲಿಯ ವಾದಕರೂ ಒಂದೇ ಪೀಪಿಯಿಂದ ತೃಪ್ತರಾಗದೆ, ಬೇರೆ ಬೇರೆ ಶ್ರುತಿಯವನ್ನು ಚೀಲದಲ್ಲಿ ಹೊತ್ತು ತಿರುಗುವರೆಂಬುದು ನಮ್ಮ ತರುಣನಿಗೆ ಕೊಂಚ ಸಮಾಧಾನದ ಸಂಗತಿ.

ಹೊಲದ ಬದುವಿನ ಮೇಲೆ ಕುಳಿತು ಊದುವದಕ್ಕೆ ಒಂದಡಿಯ ಚಿಕ್ಕ ಕೊಳಲಿಗೆ ಸಮನಾದದ್ದಿಲ್ಲ. ಅದರ ಏರುಧನಿಯು ಗಾಳಿಯನ್ನು ಸೀಳಿಕೊಂಡು ಹೋಗುವದು. ಬೆರಳುಗಳೂ ಒತ್ತೊತ್ತಾಗಿ ಕುಳಿತು ಚುರುಕಾಗಿ ಓಡುವವು. ಆದರೆ ದುರದುಂಡೇಶ್ವರ ಮಠದಂಥ ಸ್ಥಳದಲ್ಲಿ ಭಜನೆಗೆ ಕುಳಿತಾಗ ಹಾರ್ಮೋನಿಯಂ ಪೇಟಿಯೇ ಯಜಮಾನ. ಹಾಡುವವನು "ಕರಿ ಒಂದು" ಎಂದು ಮನೆ ಹಿಡಿದನೆಂದರೆ ಕೊಳಲೂ ಕರಿ ಒಂದರದೇ ಆಗಬೇಕು. ಅದು ಸುಮಾರು ೧೮ ಅಂಗುಲದ್ದು. ಕೈಗೂ ಒಗ್ಗುವದು, ಹತ್ತು ಜನರ ತಾಳದ ನಡುವೆ ಕೇಳಿಸಲೂ ಕೇಳಿಸುವದು.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯೇ ಇರಲಿಲ್ಲ. ಆದರೆ ಬೆಳಗಾವಿ ಧಾರವಾಡಗಳ ಈ ಸೀಮೆಯಲ್ಲಿ ಹಿಂದುಸ್ತಾನಿ ಗಾಯನವು ಕಿವಿಗೆ ಬೀಳದೆ ಬೆಳೆಯುವ ರಸಿಕರು ವಿರಳ. ಒಂದು ದಿನ ತರುಣನು ಪನ್ನಾಲಾಲ ಘೋಷರ ಧ್ವನಿಮುದ್ರಿಕೆಯನ್ನು ಕೇಳುವನು; ಅಂದಿನಿಂದ ಚಿಕ್ಕ ಕೊಳಲು ಅವನಿಗೆ ಆಟಿಗೆಯಾಗಿ ತೋರುವದು. ೧೯೧೧ರಲ್ಲಿ ಪೂರ್ವ ಬಂಗಾಲದ ಬಾರಿಸಾಲದಲ್ಲಿ ಹುಟ್ಟಿ ೧೯೬೦ರಲ್ಲಿ ತೀರಿಕೊಂಡ ಈ ಮಹನೀಯರೇ ದೊಡ್ಡ ಬಿದಿರನ್ನು ಆರಿಸಿ, ಏಳನೆಯ ರಂಧ್ರವನ್ನು ಕೂಡಿಸಿ, ವಿಲಂಬಿತ ಖ್ಯಾಲಿನ ಗಾಂಭೀರ್ಯವನ್ನು ಕೊಳಲಿಗೆ ತಂದವರು. ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರರು ಆ ಪದ್ಧತಿಯನ್ನು ಮುಂದುವರಿಸಿದರು. ಇಂದು ಕಛೇರಿಯಲ್ಲಿ ಕಾಣುವ ೩೦ ಅಂಗುಲದ "ಬಿಳಿ ಮೂರು" ಕೊಳಲು ಇದೇ ವಂಶದ್ದು.

ಇದನ್ನು ಕೊಂಡವನ ಕಷ್ಟ ಕೊಂಡವನಿಗೇ ಗೊತ್ತು. ರಂಧ್ರಗಳು ಅಷ್ಟು ದೂರದೂರ. ಬೆರಳ ತುದಿಯಿಂದ ಮುಚ್ಚುತ್ತಿದ್ದವನು ಈಗ ಬೆರಳುಗಳನ್ನು ಚಾಚಿ ನಡುಗೆಣ್ಣಿನಿಂದ ಮುಚ್ಚಬೇಕು. ಕಿರುಬೆರಳಿನ ಪಕ್ಕದ ಬೆರಳು ತಿಂಗಳುಗಟ್ಟಲೆ ನೋಯುವದು. ಒಂದೇ ಉಸಿರಿಗೆ ಸಾಗುತ್ತಿದ್ದ ಪದವು ಮೂರು ತುಂಡಾಗುವದು. ಇನ್ನು ಅದನ್ನೇ ಭಜನೆಗೆ ಒಯ್ದರೆ, ಕರಿ ಒಂದರ ಷಡ್ಜವು ಈ ಕೊಳಲಿನ ಧೈವತದಲ್ಲಿ ಹೋಗಿ ಕೂಡ್ರುವದು. ಅರ್ಧರಂಧ್ರಗಳನ್ನು ತಡವರಿಸುತ್ತಿರುವಾಗಲೇ ಹಾಡು ಮುಂದೆ ಹೋಗಿಬಿಟ್ಟಿರುವದು. "ಧನಿನೇ ಏಳವಲ್ತಲ್ಲೋ ತಮ್ಮಾ, ಸಣ್ಣದು ತಾ!" ಎಂದು ಹಿರಿಯರು ಅಂದರೆ ಅವರ ಮೇಲೆ ಸಿಟ್ಟಾಗುವದು ಸಲ್ಲದು. ಉದ್ದನೆಯ ಕೊಳಲಿಗೆ ಮನಸ್ಸು ಕೊಟ್ಟವನು ಕೆಲವು ವರ್ಷ ಭಜನೆಯ ಮೇಳಕ್ಕೆ ಎರವಾಗುವನು. ಮೇಳವಾದರೂ ಅವನಿಗಾಗಿ ಕಾಯುತ್ತ ಕೂಡುವದಿಲ್ಲ.

ಮೈಸೂರ ಕಡೆಯಿಂದ ಕೊಳಲು ತರಿಸುವವರು ಇನ್ನೊಂದನ್ನು ಲಕ್ಷ್ಯದಲ್ಲಿಡತಕ್ಕದ್ದು. ಶರಭಶಾಸ್ತ್ರಿಗಳಿಂದ (೧೮೭೨-೧೯೦೪) ಕಛೇರಿಯ ಪದವಿಗೇರಿ, ಮಾಲಿ ಎಂದು ಪ್ರಸಿದ್ಧರಾದ ಟಿ. ಆರ್. ಮಹಾಲಿಂಗಂ (೧೯೨೬-೧೯೮೬) ಅವರಿಂದ ಕಂಠದಷ್ಟೇ ಸೂಕ್ಷ್ಮತೆಯನ್ನು ಪಡೆದ ಕರ್ನಾಟಕ ಪದ್ಧತಿಯ ಕೊಳಲಿಗೆ ಎಂಟು ರಂಧ್ರಗಳು. ಅದರಲ್ಲಿ ಮೇಲಿನ ಎರಡನ್ನು ಮುಚ್ಚಿದರೆ ಷಡ್ಜ, ಹಿಂದುಸ್ತಾನಿಯದರಲ್ಲಿ ಮೂರನ್ನು. ಒಂದಕ್ಕೆ ಪಳಗಿದ ಕೈ ಇನ್ನೊಂದರಲ್ಲಿ ಎಡವುವದು.

ಬಿದಿರಿನ ವಿಷಯ. ಬುಟ್ಟಿ ಹೆಣೆಯುವ ನಮ್ಮ ಬಿದಿರಿಗೆ ಗೋಡೆ ದಪ್ಪ, ಗೆಣ್ಣು ಹತ್ತಿರ; ಉದ್ದ ಕೊಳಲಿಗೆ ಅದು ಒದಗದು. ಅಸ್ಸಾಮಿನ ತೆಳುಗೋಡೆಯ, ಉದ್ದಗೆಣ್ಣಿನ ಬಿದಿರೇ ಬೇಕು; ಉತ್ತರದ ಪೀಲೀಭೀತಿನ ಕುಶಲಿಗಳೂ ಅದನ್ನೇ ತರಿಸಿಕೊಳ್ಳುವರು. ಅಂಥ ತೇವದ ನಾಡಿನ ಬಿದಿರು ನಮ್ಮ ಚೈತ್ರ ವೈಶಾಖಗಳ ಒಣಬಿಸಿಲಿಗೆ ಸೀಳದೆ ಉಳಿಯಬೇಕಾದರೆ ದಾರದ ಕಟ್ಟು ಬಿಗಿಯಾಗಿರಬೇಕು, ಆಗಾಗ ಒಳಗೂ ಹೊರಗೂ ಎಣ್ಣೆ ಕಾಣಬೇಕು. ಶ್ರುತಿಯೂ ಹವೆಗೆ ಅಧೀನ. ಕೊಳವೆಯೊಳಗಿನ ಗಾಳಿಯ ಉಷ್ಣವು ೧೦ ಅಂಶ ಏರಿದರೆ ಸ್ವರವು ಅರ್ಧಸ್ವರದ ಮೂರರಲ್ಲೊಂದು ಪಾಲಿನಷ್ಟು ಏರುವದು. ಮಾಗಿಯ ಬೆಳಗಿನಲ್ಲಿ ಕೊಳಲು ಪೇಟಿಗಿಂತ ಇಳಿದು ನಿಂತಿತೆಂದು ಮಾಡಿದವನನ್ನು ಬೈಯುವ ಮುನ್ನ, ಅದನ್ನು ಹೊದಿಕೆಯೊಳಗೆ ಬೆಚ್ಚಗಿರಿಸಿ ನಾಲ್ಕು ಸಲ ಊದಿ ನೋಡುವದು ನ್ಯಾಯ.

ಕೈಯಲ್ಲಿ ಒಂದೇ ಕೊಳಲಿಗಾಗುವಷ್ಟು ಹಣವಿದ್ದರೆ? ಊರಿನ ಮೇಳದಲ್ಲಿ ಸ್ಥಾನವುಳ್ಳವನು ಕರಿ ಒಂದನ್ನೇ ಕೊಳ್ಳಲಿ. ರಾಗದ ಆಲಾಪವನ್ನು ಅದರಲ್ಲಿಯೂ ಅಭ್ಯಸಿಸಬಹುದು, ಮಂದ್ರದ ಘನತೆಯೊಂದು ಕಡಿಮೆ. ಗುರುಗಳು ದೊರೆತು, ವಯಸ್ಸು ಎಳೆಯದಿದ್ದು, ಬೆರಳು ನೀಳವಾಗಿದ್ದರೆ ಮಾತ್ರ ಉದ್ದನೆಯದಕ್ಕೆ ಕೈಹಾಕತಕ್ಕದ್ದು. ಅದನ್ನಾದರೂ ಕಾಗದದ ಅಳತೆ ನಂಬಿ ತರಿಸದೆ, ಅಂಗಡಿಯಲ್ಲಿಯೇ ಎಲ್ಲ ರಂಧ್ರಗಳನ್ನು ಮುಚ್ಚಿ ಅತ್ಯಂತ ಕೆಳಗಿನ ಸ್ವರವನ್ನು ಮೆಲ್ಲಗೆ ಊದಿ ನೋಡಬೇಕು. ಅದು ಒತ್ತಾಯವಿಲ್ಲದೆ ಎದ್ದು ನಿಂತರೆ ಬೆಲೆಯ ಮಾತಾಡಬಹುದು. ಸೀತ್ಕಾರ ಮಾಡಿದರೆ, ಮೈಬಣ್ಣ ಎಷ್ಟು ಚೆಲುವಾಗಿದ್ದರೂ, ತಿರುಗಿ ಕೊಟ್ಟು ಬರುವದು ಲೇಸು.