ಐದು ಬರ್ತು, ಎಂಟು ನಿಮಿಷ

ನನ್ನ ತಂಗಿ ಮದ್ರಾಸಿನಲ್ಲಿ ಕುಣಿದದ್ದು ಎಂಟು ನಿಮಿಷ. ಆ ಎಂಟು ನಿಮಿಷಕ್ಕೆ ನಮ್ಮ ಮನೆಯಲ್ಲಿ ನಡೆದ ತಯಾರಿ ಎರಡೂವರೆ ತಿಂಗಳು. ಈ ಲೆಕ್ಕ ಹಾಕಿದವರು ಅಪ್ಪ. ಅವರು ಭಿವಂಡಿಯ ಒಂದು ಸಾಗಣೆ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ; ಲೆಕ್ಕಕ್ಕೆ ಸಿಗದ ವಸ್ತು ಜಗತ್ತಿನಲ್ಲಿ ಇಲ್ಲವೆಂದು ಅವರ ನಂಬಿಕೆ. ನಮ್ಮ ಸಂಘದ ಸಂಪಾದಕರು "ಪ್ರವಾಸದ ಬಗ್ಗೆ ಏನಾದರೂ ಕೊಡಯ್ಯಾ" ಎಂದು ಗಂಟುಬಿದ್ದಾಗ ನಾನು ಸಮುದ್ರ, ಗೋಪುರ ಎಂದೆಲ್ಲ ಬರೆಯಲು ಕೂತೆ. ಮೂರು ಸಾಲು ಬರೆದು ಹರಿದುಹಾಕಿದೆ. ಹೇಳಬೇಕಾದದ್ದರ ಬಹುಪಾಲು ಗಾಡಿ ಹತ್ತುವ ಮುಂಚೆಯೇ ನಡೆದುಹೋಗಿತ್ತು.

ನಾವಿರುವುದು ಡೊಂಬಿವಲಿಯ ಒಂದು ಹಳೆಯ ಚಾಳಿನ ಎರಡನೆಯ ಮಾಳಿಗೆಯಲ್ಲಿ. ನೆಲಕ್ಕೆ ಶಹಾಬಾದಿ ಫರಶಿ. ಮುಂಬೈ ಕಡೆಯ ಹಳೆಯ ಮನೆಗಳಲ್ಲಿ ಈ ಬೂದುಬಣ್ಣದ ಕಲ್ಲನ್ನು ನೀವೂ ತುಳಿದಿರುತ್ತೀರಿ. ಅದು ಕಲಬುರಗಿ ಜಿಲ್ಲೆಯ ಒಂದು ಊರಿನ ಹೆಸರು ಎಂದು ತುಳಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ನಮ್ಮ ಮನೆಯಲ್ಲಿ ಮಾತ್ರ ಮರೆಯುವ ಹಾಗಿಲ್ಲ. ಅಜ್ಜಿ ಶಹಾಬಾದದವಳು, ಅವಳಪ್ಪ ಅಲ್ಲಿಯ ಕಲ್ಲಿನ ಗಣಿಯಲ್ಲಿ ದುಡಿದವನು. ಅಜ್ಜ ತೀರಿಕೊಂಡ ಮೇಲೆ, 2016ರಲ್ಲಿ, ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಆಮೇಲೆ ಆ ಕಡೆ ಹೋಗಿರಲಿಲ್ಲ. "ಊರು ಬಿಟ್ಟು ಬಂದೆ, ಊರಿನ ಕಲ್ಲು ನನಗಿಂತ ಮೊದಲ ಬಂದು ಕುಂತಿತ್ತು" ಅನ್ನುತ್ತಾಳೆ.

ಆ ಕಲ್ಲಿನ ಮೇಲೆ ನನ್ನ ತಂಗಿ ಏಳು ವರ್ಷ ತಟ್ಟಡವು ಹಾಕಿದ್ದಾಳೆ. ಕೆಳಗಿನ ಮಾಳಿಗೆಯ ಕಾಕೂ ಮೊದಮೊದಲು ಜಗಳಕ್ಕೆ ಬರುತ್ತಿದ್ದರು. ಈಗೀಗ ತಾಳ ತಪ್ಪಿದರೆ ಹೇಳಲು ಬರುತ್ತಾರೆ.

2025ರ ಮಾರ್ಚ್ ಮೊದಲ ವಾರ ಸುದ್ದಿ ಬಂತು: ಮೇ ತಿಂಗಳ ಮೂರನೆಯ ವಾರ ಚೆನ್ನೈಯಲ್ಲಿ ಭರತನಾಟ್ಯದ ಚಾಂಪಿಯನ್‌ಶಿಪ್ಪು, ಕ್ಲಾಸಿನಿಂದ ನಮ್ಮವಳ ಹೆಸರು ಹೋಗಿದೆ. ಅಜ್ಜಿ ಕೇಳಿದ ಮೊದಲ ಪ್ರಶ್ನೆ: "ಶಿಪ್ಪು ಅಂದ್ರ ಹಡಗಲ್ಲೇನೋ? ನೀರ ಮ್ಯಾಲ ಕುಣೀತಾಳೇನು?" ಮದ್ರಾಸು ಚೆನ್ನೈ ಆದದ್ದು 1996ರಲ್ಲಿ, ಅಜ್ಜಿಯ ಬಾಯಲ್ಲಿ ಇನ್ನೂ ಆಗಿಲ್ಲ. ಅವಳ ಸಹವಾಸದಿಂದ ನನಗೂ ಆಗಿಲ್ಲ.

ಸುದ್ದಿಯ ಜೊತೆ ನಿಯಮಗಳ ಒಂದು ಹಾಳೆಯೂ ಬಂದಿತ್ತು. ಸಮಯ ಎಂಟು ನಿಮಿಷ, ದಾಟಿದರೆ ಅಂಕ ಕಡಿತ. ಹಾಡು ಪೆನ್‌ಡ್ರೈವಿನಲ್ಲಿ. ಸ್ಪರ್ಧಿಯ ಜೊತೆ ಒಬ್ಬ ಪಾಲಕರಿಗೆ ಇಳಿದುಕೊಳ್ಳಲು ಜಾಗ. ಉಳಿದವರು ತಮ್ಮ ತಮ್ಮ ಖರ್ಚಿನಲ್ಲಿ. ಅಪ್ಪ ಅದನ್ನು ಎರಡು ಸಲ ಓದಿ, ಹಳೆಯ ಡೈರಿಯಲ್ಲಿ "2" ಎಂದು ಬರೆದು, ಸುತ್ತ ಒಂದು ಗುಂಡು ಎಳೆದರು. ತಾಯಿ, ಮಗಳು. ಮುಗಿಯಿತು.

ಮುಗಿಯಲಿಲ್ಲ. ಅವ್ವ ಭಾಕರಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಐದು ಅಂತ ಬರೀರಿ" ಅಂದಳು.

"ಐದು ಮಂದಿ ಹೋಗಿ ಏನು ಮಾಡೂದು? ಕುಣಿಯಾಕಿ ಒಬ್ಬಾಕಿ."

"ನೋಡವ್ರು ನಾಕು ಮಂದಿ."

ಹೀಗೆ ಎರಡು ವಾರ ನಡೆಯಿತು. ಡೈರಿಯಲ್ಲಿ ಎರಡು ಮೂರಾಯಿತು (ಸಾಮಾನು ಹೊರಲು ನಾನು), ಮತ್ತೆ ಎರಡಾಯಿತು, ಒಂದು ದಿನ ನಾಲ್ಕಾಯಿತು. ಯಾವ ಸಂಖ್ಯೆ ಬರೆದರೂ ಒಬ್ಬರು ಊಟದ ಹೊತ್ತಿಗೆ ಮುಖ ತಿರುಗಿಸಿ ಕೂಡುತ್ತಿದ್ದರು. ಒಮ್ಮೆ ಅಪ್ಪ ಸಿಟ್ಟಿಗೆದ್ದು, "ಅದು ಮದ್ರಾಸಿನವರ ಕುಣಿತ. ಅವರ ಊರಾಗ ಹೋಗಿ ಅವರಿಗೇ ತೋರಸೂದಕ್ಕ ಸಾಲ ಮಾಡಬೇಕೇನು?" ಎಂದುಬಿಟ್ಟರು. ತಂಗಿ ಒಳಗಿನಿಂದ ಬಂದಳು. ಅಲಾರಿಪ್ಪಿನಿಂದ ತಿಲ್ಲಾನದವರೆಗಿನ ಕ್ರಮವನ್ನು ಹಾಕಿಕೊಟ್ಟವರು 19ನೆಯ ಶತಮಾನದ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು. ಅವರಲ್ಲಿ ಹಿರಿಯನಾದ ಚಿನ್ನಯ್ಯ ಮೈಸೂರು ಅರಮನೆಗೆ ಬಂದು ಕಲಿಸಿದವನು. ಆದ್ದರಿಂದ ಇದು ನಮ್ಮದೂ ಹೌದು ಎಂದು ಪರೀಕ್ಷೆಯ ಉತ್ತರದಂತೆ ಒಂದೇ ಉಸಿರಿಗೆ ಹೇಳಿ, ಹಾಗೆಯೇ ಒಳಗೆ ಹೋದಳು. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಮೈಸೂರೇನು ಅವರಿಗೆ ಕಲಬುರಗಿಯಷ್ಟು ಹತ್ತಿರದ್ದಲ್ಲ, ಆದರೂ ಸುಮ್ಮನಾದರು.

ನಿಜವಾದ ಮಾತು ಹೊರಬಿದ್ದದ್ದು ಆ ರಾತ್ರಿ. ನಾನು ನಿದ್ದೆ ಬಂದವನಂತೆ ಮಲಗಿದ್ದೆ. (ಒಂದೇ ಕೋಣೆಯ ಮನೆಯಲ್ಲಿ ದೊಡ್ಡವರ ಮಾತು ಕೇಳಲು ಬೇರೆ ಉಪಾಯವಿಲ್ಲ.) ಅವ್ವ ಅಂದಳು: "ಜೂನಕ್ಕ ಹತ್ತನೇ ಇಯತ್ತೆ. ಟ್ಯೂಶನ್ ಹಚ್ಚಬೇಕು. ಎರಡಕ್ಕೂ ರೊಕ್ಕ ಎಲ್ಲಿಂದ ತರೂದು? ಕ್ಲಾಸು ಬಿಡಸೂದ ಅದ. ಆಕಿಗೂ ಗೊತ್ತದ, ಬಾಯಿಬಿಟ್ಟು ಅಂದಿಲ್ಲ. ನೀವು ಒಂದ ಸಲನಾದ್ರೂ ನೋಡೀರೇನು ಆಕಿ ಕುಣಿಯೂದು?"

ಅಪ್ಪ ನೋಡಿರಲಿಲ್ಲ. ಕ್ಲಾಸಿನ ವಾರ್ಷಿಕೋತ್ಸವ ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ. ಮಾರ್ಚ್ ಕೊನೆಯೆಂದರೆ ಲೆಕ್ಕ ಬರೆಯುವವನಿಗೆ ಮನೆಯೂ ಇಲ್ಲ, ಮಕ್ಕಳೂ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಡೈರಿಯಲ್ಲಿ "5" ಎಂದಿತ್ತು. ಗುಂಡು ಎಳೆದಿರಲಿಲ್ಲ, ಅಷ್ಟೆ.

ಆಮೇಲೆ ಲೆಕ್ಕ ನಿಜವಾಗಿ ಶುರುವಾಯಿತು. ಮುಂಬೈಯಿಂದ ಚೆನ್ನೈಗೆ ರೈಲಿನಲ್ಲಿ ಸುಮಾರು 1,280 ಕಿಲೋಮೀಟರು. ಮೇ ತಿಂಗಳ ಬಿಸಿಲು ಕಂಡು ಅವ್ವ ಏ.ಸಿ. ಎಂದಳು, ಸ್ಲೀಪರಿನ ಎರಡೂವರೆ ಪಟ್ಟು ದರ ಕಂಡು ತಾನೇ ಬಿಟ್ಟಳು. ಅಜ್ಜಿಯ ಟಿಕೀಟು ಅಪ್ಪನ ಕರುಳಿಗೆ ಕತ್ತರಿ ಹಾಕಿತು. 2020ರ ಮಾರ್ಚ್ ತನಕ 58 ದಾಟಿದ ಹೆಂಗಸರಿಗೆ ಅರ್ಧ ದರವಿತ್ತು, ಕೊರೋನಾದ ಹೊತ್ತಿಗೆ ಅದು ಹೋಯಿತು. "ಅರ್ಧ ಇದ್ದಾಗ ಅವ್ವ ಎಲ್ಲೂ ಹೊಂಡಲಿಲ್ಲ, ಪೂರ್ತಿ ಆದಮ್ಯಾಗ ಹೊಂಟಾಳ" ಎಂದು ಗೊಣಗಿ ಪೂರ್ತಿಯನ್ನೇ ಬರೆದುಕೊಂಡರು. ನನ್ನ ಹಳೆಯ ಪುಸ್ತಕಗಳನ್ನು ಮಾರಿದ ಹಣವೂ ಆ ಪುಟದಲ್ಲಿ ಜಮಾ ಆಯಿತು, ನನ್ನನ್ನು ಕೇಳದೆ.

ಅಜ್ಜಿಗೆ ಇದಾವುದೂ ಬೇಡ. ಅವಳು ಒಂದೇ ಕೇಳಿದಳು, ಗಾಡಿ ಯಾವ ದಾರಿಯಿಂದ ಹೋಗುತ್ತದೆ ಎಂದು. ನಾನು ಹೇಳಿದೆ: ಪುಣೆ, ಸೋಲಾಪುರ, ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿ, ಆಮೇಲೆ ಕೃಷ್ಣಾ ದಾಟಿ ರಾಯಚೂರು, ಗುಂತಕಲ್. ಮುಂಬೈ ಕಡೆಯಿಂದ ಹಾಕುತ್ತ ಬಂದ ಹಳಿ, ಮದ್ರಾಸಿನ ಕಡೆಯಿಂದ ಹಾಕುತ್ತ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ ಎಂದು ನನ್ನ ಪಾಂಡಿತ್ಯವನ್ನೂ ಸ್ವಲ್ಪ ಸೇರಿಸಿದೆ. ಅಜ್ಜಿ ಶಹಾಬಾದದ ಮುಂದೆ ಏನನ್ನೂ ಕೇಳಿಸಿಕೊಂಡಿರಲಿಲ್ಲ. "ರಾತ್ರಿ ಆಗತದ ಅಲ್ಲ? ಆಗಲಿ. ಎಬ್ಬಸು ನನ್ನ. ಕೃಷ್ಣಾ ಬಂದಾಗೂ ಎಬ್ಬಸು, ಎಂಟಾಣೆ ಒಗೀಬೇಕು."

ಈಗ ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈ ಪತ್ರಿಕೆ ಓದುವವಳು ತಂಗಿ ಒಬ್ಬಳೇ. ಅವಳಿಗೆ ಲಂಚ ಕೊಟ್ಟಾಗಿದೆ.

ಮೊದಲು 120 ದಿನ ಮುಂಚೆ ಟಿಕೀಟು ಸಿಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನವಾಗಿದೆ. ಬೇಸಿಗೆ ರಜೆ, ಮದ್ರಾಸಿನ ಗಾಡಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಬರ್ತುಗಳು ಬಿಸಿ ಕಾವಲಿಯ ಮೇಲಿನ ನೀರಿನಂತೆ ಆರಿಹೋಗುತ್ತವೆ. ಆ ದಿನ ಫೋನು ಹಿಡಿದು ಕೂತವನು ನಾನು. ಅಪ್ಪ ಕೆಲಸಕ್ಕೆ ಹೊರಡುತ್ತ, "ಮೊದಲ ಅಜ್ಜೀ ಹೆಸರು ಹಾಕು" ಎಂದು ಹೇಳಿಹೋಗಿದ್ದರು. ಎಂಟಕ್ಕೆ ಒತ್ತಿದೆ, ಚಕ್ರ ತಿರುಗಿತು, ತಿರುಗಿತು, ಹೊರಗೆ ನೂಕಿತು. ಮತ್ತೆ ಒಳಗೆ ಹೋಗುವಷ್ಟರಲ್ಲಿ ಮೂರು ಬರ್ತು ಮಾತ್ರ ಉಳಿದಿವೆ ಎಂದು ತೋರಿಸಿತು. ಮೂರು! ಆಮೇಲಿನವರಿಗೆ ಆರ್.ಎ.ಸಿ., ಅಂದರೆ ಗಾಡಿ ಹತ್ತಬಹುದು, ಆದರೆ ಒಂದು ಸೈಡ್ ಬರ್ತಿನಲ್ಲಿ ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡಬೇಕು, ಇಡೀ ರಾತ್ರಿ.

ನಾನು ತಂಗಿಯ ಹೆಸರು ಹೊಡೆದೆ, ಅವಳು ಕುಣಿಯಬೇಕಾದವಳು. ಎರಡನೆಯದು ಅವ್ವ. ಮೂರನೆಯದು ನನ್ನ ಹೆಸರು. ಅವಸರವಿತ್ತು, ನನ್ನ ವಿವರ ಫೋನಿನಲ್ಲಿ ಮೊದಲೇ ತುಂಬಿತ್ತು, ಒಂದು ಸಲ ಒತ್ತಿದರೆ ಸಾಕಿತ್ತು ಎಂದೆಲ್ಲ ಹೇಳಬಹುದು. ಆದರೆ ಆ "3" ನನ್ನ ಕಣ್ಣಿಗೆ ಬಿದ್ದಿತ್ತು. ದಿನಾ ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುವವನು ನಾನು. ರೈಲಿನಲ್ಲಿ ಒಂದು ರಾತ್ರಿಯಾದರೂ ಕಾಲು ಚಾಚಿ ಮಲಗಬೇಕೆಂಬ ಆಸೆ ನನಗಿತ್ತು. ನಾಲ್ಕನೆಯದು ಅಪ್ಪ, ಐದನೆಯದು ಅಜ್ಜಿ. ಮೂರು ಖಚಿತ, ಎರಡು ಆರ್.ಎ.ಸಿ.

"ಅದು ಹಾಂಗ ಕೊಟ್ಟದ, ನಮ್ಮ ಕೈಯಾಗ ಏನಿಲ್ಲ" ಎಂದೆ ಸಂಜೆ. ಎಲ್ಲರೂ ನಂಬಿದರು. ಆ ನಂಬಿಕೆಯೇ ಕೆಟ್ಟದ್ದು. ಅಪ್ಪ ತಕ್ಷಣ ಹಿಂದೆ ಸರಿದರು: "ನಾ ಉಳೀತೀನಿ. ಅವ್ವ ಒಬ್ಬಾಕೀನ ಆ ಬರ್ತಿನಾಗ ಮಲಗಲಿ." ಅಜ್ಜಿ, "ನಾ ಯಾಕ ಮದ್ರಾಸಿಗೆ? ಅವನ ಹೋಗಲಿ, ಮಗಳ ಕುಣಿತ ನೋಡಲಿ" ಅಂದಳು. ಒಬ್ಬರು ಬಿಟ್ಟರೆ ಆ ಅರ್ಧ ಜಾಗಕ್ಕೆ ಬೇರೆ ಯಾರೋ ಬಂದು ಕೂಡುತ್ತಾರೆ, ಯಾರೂ ಬಿಡುವುದು ಬೇಡ ಎಂದು ನಾನು ವಕೀಲನ ಹಾಗೆ ವಾದಿಸಿದೆ. ಐದು ಐದಾಗಿಯೇ ಉಳಿಯಿತು. ಮುದುಕರಿಗೆ ಕೆಳಗಿನ ಬರ್ತಿನ ಬೇರೆ ಕೋಟಾ ಇದೆ, ಅಜ್ಜಿಗೆ ಬೇರೆ ಟಿಕೀಟು ತೆಗೆದಿದ್ದರೆ ಸಿಗುತ್ತಿತ್ತೋ ಏನೋ ಎಂದು ಕೆಳಗಿನ ಮನೆಯ ಕಾಕೂ ಹೇಳಿದ್ದು ಒಂದು ವಾರದ ಮೇಲೆ. ನೋಡಿದರೆ ಆ ಹೊತ್ತಿಗೆ ಅದೂ ಮುಗಿದಿತ್ತು.

ಅಪ್ಪ ಟಿಕೀಟನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದರು. ಅಜ್ಜಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, "ನನ್ನ ಹೆಸರು ಯಾವುದು?" ಎಂದು ಕೇಳಿದಳು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು.

"ಎಲ್ಲಾರ ಕೆಳಗ ಅದ. ಸಣ್ಣವರಿಂದ ದೊಡ್ಡವರಿಗೆ ಬರೀತಾರೇನು ರೈಲಿನವರು?"

"ಹೂಂ" ಎಂದೆ.

"ಚಲೋ ಪದ್ಧತಿ" ಎಂದು ಕಾಗದವನ್ನು ಮಡಚಿ ಕೊಟ್ಟಳು.

ಬರುವ ಟಿಕೀಟಿನ ದಿನ ಎಲ್ಲಕ್ಕಿಂತ ಮೇಲೆ ಅಜ್ಜಿಯ ಹೆಸರು ಹಾಕಿದೆ. ಆ ದಿನ ಐದಕ್ಕೆ ಐದೂ ಬರ್ತು ಸಿಕ್ಕವು; ಯಾರನ್ನು ಎಲ್ಲಿ ಬರೆದಿದ್ದರೂ ನಡೆಯುತ್ತಿತ್ತು.

ಏಪ್ರಿಲ್ ತಿಂಗಳು ಸಾಮಾನಿನ ಚರ್ಚೆಗೆ ಹೋಯಿತು. ರೇಷ್ಮೆಯ ಪೋಷಾಕಿನ ನೆರಿಗೆ ಮುದುಡಬಾರದು; ಅದಕ್ಕೇ ಒಂದು ಚೀಲ, ಆ ಚೀಲವನ್ನು ಯಾರೂ ತಲೆದಿಂಬು ಮಾಡಿಕೊಳ್ಳಬಾರದು. ಗೆಜ್ಜೆಯನ್ನು ಟವೆಲಿನಲ್ಲಿ ಸುತ್ತಬೇಕು, ಇಲ್ಲದಿದ್ದರೆ ಡಬ್ಬಿಯವರೆಲ್ಲ ಎದ್ದು ಕೂಡುತ್ತಾರೆ. ಚೆನ್ನೈಯ ಬೇಸಿಗೆಯಲ್ಲಿ ಮುಖದ ಬಣ್ಣ ಕರಗಿದರೆ? ಹಾಡಿನ ಪೆನ್‌ಡ್ರೈವು ಕೈಕೊಟ್ಟರೆ? ಅಪ್ಪ ಮೂರು ಪೆನ್‌ಡ್ರೈವು ತಂದು, ಮೂವರ ಜೇಬಿನಲ್ಲಿ ಒಂದೊಂದು ಇಡಿಸಿದರು. ಮದುವೆಯ ಒಡವೆಗೂ ಇಂಥ ಕಾವಲು ಇರಲಿಕ್ಕಿಲ್ಲ. ತಂಗಿ ಇದರ ನಡುವೆ ಮೊಬೈಲಿನ ಗಡಿಯಾರ ಹಚ್ಚಿಕೊಂಡು ಅದೇ ತಿಲ್ಲಾನವನ್ನು ದಿನಕ್ಕೆ ಹತ್ತು ಸಲ ಕುಣಿದಳು. ಜೂನಿನ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಕಲ್ಯಾಣದಲ್ಲಿ ಗಾಡಿ ಹತ್ತುವ ಹೊತ್ತಿಗೆ ಅಪ್ಪನ ಆರ್.ಎ.ಸಿ. ಖಚಿತವಾಗಿ, ಮೇಲಿನ ಬರ್ತು ಸಿಕ್ಕಿತ್ತು. ಅಜ್ಜಿಯದು ಹಾಗೆಯೇ ಉಳಿದಿತ್ತು. ಅವಳ ಎದುರಿಗೆ ಗುಂತಕಲ್ಲಿಗೆ ಹೋಗುವ ಒಬ್ಬ ಸಭ್ಯ ಮನುಷ್ಯ. ಸೋಲಾಪುರ ದಾಟಿದ ಮೇಲೆ ನಾನು ಅವರಿಗೆ ನನ್ನ ಬರ್ತು ಕೊಟ್ಟು, ಅವರ ಜಾಗದಲ್ಲಿ ಬಂದು ಕೂತೆ. ಅವರು ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಗೊರಕೆ ಹೊಡೆದರು. "ನೀ ಯಾಕ ಬಂದಿ?" ಎಂದಳು ಅಜ್ಜಿ. "ಅಲ್ಲಿ ಸೆಕೆ" ಎಂದೆ.

ಶಹಾಬಾದದಲ್ಲಿ ಗಾಡಿ ನಿಲ್ಲಲಿಲ್ಲ. ಎಬ್ಬಿಸುವ ಅಗತ್ಯವೂ ಬೀಳಲಿಲ್ಲ, ಅಜ್ಜಿ ಕಲಬುರಗಿಯಿಂದಲೇ ಕಿಟಕಿಯ ಸರಳು ಹಿಡಿದು ಕೂತಿದ್ದಳು. ನಾಲ್ಕು ದೀಪ, ಒಂದು ಹಲಗೆ, ಮತ್ತೆ ಕತ್ತಲೆ. ಅವಳು ಏನೂ ಅನ್ನಲಿಲ್ಲ. ಮಧ್ಯರಾತ್ರಿಯ ಮೇಲೆ ಕೃಷ್ಣೆಯ ಸೇತುವೆ ಗುಡುಗಿದಾಗ ಸೆರಗಿನ ಗಂಟು ಬಿಚ್ಚಿ ಎಂಟಾಣೆಯನ್ನು ಎಸೆದಳು. ಕೆಳಗೆ ನೀರಿತ್ತೋ ಬರೀ ಮರಳಿತ್ತೋ ಕಾಣಲಿಲ್ಲ. ಇನ್ನೊಂದು ಎಂಟಾಣೆಯನ್ನು ನನ್ನ ಕೈಗೆ ಕೊಟ್ಟು, "ನೀನೂ ಒಗಿ" ಅಂದಳು. ಒಗೆದೆ.

ಸ್ಪರ್ಧೆಯ ಬಗ್ಗೆ ಹೆಚ್ಚೇನೂ ಇಲ್ಲ. ನಮ್ಮವಳದು ಮೂವತ್ತೊಂದನೆಯ ಹೆಸರು. ಮುಖದ ಬಣ್ಣ ಕರಗಲಿಲ್ಲ, ಮೊದಲನೆಯ ಪೆನ್‌ಡ್ರೈವೇ ನಡೆಯಿತು, ಬಹುಮಾನ ಬರಲಿಲ್ಲ. ಅವ್ವ ಅತ್ತಳು, ಕುಣಿಯುವಾಗಲೇ. ಅಪ್ಪ ಮಾತ್ರ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ಕೂತಿದ್ದರು. ಎಲ್ಲಿ ಎಂಟು ದಾಟಿ ಅಂಕ ಹೋಗುತ್ತದೋ ಎಂದು ವೇದಿಕೆಯನ್ನೊಮ್ಮೆ, ಮುಳ್ಳನ್ನೊಮ್ಮೆ ನೋಡುತ್ತಿದ್ದರು. ತಂಗಿ ನಮಸ್ಕಾರ ಮಾಡಿ ನಿಂತಳು.

"ಏಳು ನಿಮಿಷ ಐವತ್ತು ಸೆಕೆಂಡು" ಎಂದರು ಅಪ್ಪ. ಅವರ ದನಿ ಸರಿಯಾಗಿ ಬರಲಿಲ್ಲ.

ಅಜ್ಜಿ ನನ್ನ ಕಡೆ ಬಾಗಿ, "ಕಟಗೀ ನೆಲ" ಅಂದಳು. "ನಮ್ಮ ಫರಶಿ ಸಪ್ಪಳ ಬರಲಿಲ್ಲ."