ಮೇಕೆಯ ಮಚ್ಚೆಯ ಲೆಕ್ಕ

"ಜೀವಕೋಶಕ್ಕೂ ಲೆಕ್ಕಕ್ಕೂ ಏನು ನಂಟು ಬೇಟಿ?" ಕುರುಗೋಡಿನ ನಮ್ಮ ಖಾಲಾ ಕೇಳಿದ್ದು ಪಿಎಚ್.ಡಿ. ಮಾಡುತ್ತಿರುವ ನನ್ನ ಅಣ್ಣನ ಮಗಳನ್ನು. ಹುಡುಗಿಗೆ 27, ಸಿರುಗುಪ್ಪದ ಸಂಬಂಧವೊಂದು ಕಾಯುತ್ತಿದೆ. ನಿಜವಾದ ಪ್ರಶ್ನೆ ಅದೇ.

ಅವಳು ಅಂಗಳದ ಮೇಕೆಯ ಮಚ್ಚೆಗಳನ್ನು ತೋರಿಸಿದಳು. ಎರಡು ರಾಸಾಯನಿಕಗಳು ಬೇರೆಬೇರೆ ವೇಗದಲ್ಲಿ ಕೋಶದಿಂದ ಕೋಶಕ್ಕೆ ಹರಡುತ್ತ ಒಂದರೊಡನೊಂದು ವರ್ತಿಸಿದರೆ ಚುಕ್ಕೆ, ಪಟ್ಟೆಗಳು ತಾವಾಗಿ ಮೂಡಬಲ್ಲವೆಂದು 1952ರಲ್ಲಿ ಅಲನ್ ಟ್ಯೂರಿಂಗ್ ಸಮೀಕರಣಗಳಿಂದ ತೋರಿಸಿದರಂತೆ. (ಎಲ್ಲ ಮಚ್ಚೆಗಳೂ ಹೀಗೆಯೇ ಅಲ್ಲ ಎಂದೂ ಎಚ್ಚರಿಸಿದಳು.) ಟ್ಯೂರಿಂಗರ ತಂದೆ ಜೂಲಿಯಸ್ ಬ್ರಿಟಿಷರ ಕಾಲದಲ್ಲಿ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಸಹಾಯಕ ಕಲೆಕ್ಟರ್ ಆಗಿದ್ದವರು, ತಾಯಿಯ ತಂದೆ ಸ್ಟೋನಿ, ತುಂಗಭದ್ರೆಗೆ ಸೇತುವೆ ಕಟ್ಟಿಸಿದ ರೈಲ್ವೆ ಎಂಜಿನಿಯರ್.

ಖಾಲಾ ಮೇಕೆಯನ್ನೇ ನೋಡುತ್ತಿದ್ದರು.

"ಇನ್ನೆಷ್ಟು ವರ್ಷ ಓದು?"

"ಎರಡು."

"ಸಿರುಗುಪ್ಪದವರಿಗೆ ಹಾಗೇ ಹೇಳಿಬಿಡ್ತೀನಿ" ಎಂದು ಖಾಲಾ ಎಲೆಯಡಿಕೆಗೆ ಕೈ ಹಾಕಿದರು.