ಎ ಯಾವುದು, ಬಿ ಯಾವುದು

ಮನೆಯಲ್ಲಿ ಇಂಗ್ಲಿಷ್ ಓದಿ ಹೇಳುವವನು ನಾನೊಬ್ಬನೇ ಎಂಬ ಹಮ್ಮು ನನಗಿತ್ತು. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಹಿಮೋಫಿಲಿಯಾದ ಜೀನ್ ಥೆರಪಿಗೆ ಒಪ್ಪಿಗೆ ಸಿಕ್ಕ ಸುದ್ದಿ ಓದಿದ್ದೇ ತಡ, ಹಾವೇರಿಯ ತಂಗಿಗೆ ಫೋನ್ ಮಾಡಿದೆ. ಅವಳ ಮಗನಿಗೆ ಹುಟ್ಟಿನಿಂದ ತೀವ್ರ ಹಿಮೋಫಿಲಿಯಾ. ‘ಒಂದೇ ಇಂಜೆಕ್ಷನ್ನಂತೆ, ಸ್ವಲ್ಪ ತಡಿ’ ಎಂದೆ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಿಸಲು ವಾರವಾರ ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿ ಅವಳಿಗೆ ಸಾಕಾಗಿತ್ತು. ಓದಿದ ಅಣ್ಣನೇ ಹೇಳಿದ ಮೇಲೆ ಕೇಳಬೇಕೆ? ವಾರಗಳು ತಪ್ಪತೊಡಗಿದವು.

ಮರುವರ್ಷ ಮಳೆಗಾಲದಲ್ಲಿ ಹುಡುಗನ ಬಲಮೊಣಕಾಲಿನೊಳಗೆ ರಕ್ತ ಸೋರಿತು. ನಾನು ಹೋದಾಗ ಟವೆಲಿನಲ್ಲಿ ಸುತ್ತಿದ ಐಸ್ ಕರಗಿ ಚಾಪೆ ತೊಯ್ದಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಕಾವು. ಕಾಲು ನೀಡಲು ಬಿಡಲೊಲ್ಲ. ‘ನೀ ಹೇಳಿದಿ ಅಂತ ಸುಮ್ಮನಿದ್ದೆ ಅಣ್ಣಾ’ ಎಂದಳು ತಂಗಿ. ಅದರಲ್ಲಿ ಸಿಟ್ಟೂ ಇರಲಿಲ್ಲ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ನೀವು ಓದಿದ್ದು ಎ ನೋ, ಬಿ ನೋ?’ ಸುದ್ದಿಯಲ್ಲಿದ್ದದ್ದು ಬಿ. ನಮ್ಮ ಹುಡುಗನದು ಎ. ಬಿ ಯಲ್ಲಿ ಕೊರತೆ ಫ್ಯಾಕ್ಟರ್ 9ರದು, ಅದರ ಜೀನು ಚಿಕ್ಕದು. ಅದನ್ನು ಯಕೃತ್ತಿಗೆ ಹೊತ್ತೊಯ್ಯುವ ಎಎವಿ ಎಂಬ ವೈರಸ್ಸಿನಲ್ಲಿ ಸುಮಾರು 4,700 ಡಿಎನ್‌ಎ ಅಕ್ಷರಗಳಿಗಷ್ಟೇ ಜಾಗ. ಎ ಗೆ ಬೇಕಾದ ಫ್ಯಾಕ್ಟರ್ 8ರ ಸಂದೇಶವೇ ಸುಮಾರು 7,000 ಅಕ್ಷರ. ನಡುವಿನ ಒಂದು ತುಂಡು ಕತ್ತರಿಸಿ ತುರುಕಬೇಕು. ಹಾಗೆ ತುರುಕಿದ ಔಷಧಿಗೂ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ವಯಸ್ಕರಿಗೆ ಮಾತ್ರ, ಮೇಲಾಗಿ ಹಲವರಲ್ಲಿ ಫ್ಯಾಕ್ಟರ್ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು.

ಮಕ್ಕಳಿಗೆ ಏಕೆ ಬೇಡ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಈ ವೈರಸ್ ತಂದ ಜೀನು ಬಹುಪಾಲು ನಮ್ಮ ವರ್ಣತಂತುವಿಗೆ ಸೇರದೆ ಹೊರಗೇ ಉಳಿಯುತ್ತದೆ. ಮಗುವಿನ ಯಕೃತ್ತು ಬೆಳೆದಂತೆ, ಜೀವಕೋಶಗಳು ಒಡೆದಂತೆ, ಹಾಲಿಗೆ ನೀರು ಬೆರೆಸಿದ ಹಾಗೆ ತೆಳುವಾಗುತ್ತದೆ. ಇನ್ನೊಮ್ಮೆ ಕೊಡೋಣವೆಂದರೆ ಅಷ್ಟರಲ್ಲಿ ದೇಹ ಆ ವೈರಸ್ಸಿಗೆ ಪ್ರತಿಕಾಯ ಕಟ್ಟಿಕೊಂಡಿರುತ್ತದೆ. ನಾನು ಬಯಸಿದ್ದು ದಕ್ಕಿದ್ದರೂ, ಇದ್ದ ಒಂದೇ ಅವಕಾಶವನ್ನು ಎಳೆಯ ವಯಸ್ಸಿನಲ್ಲೇ ಕಳೆದಂತಾಗುತ್ತಿತ್ತು.

2024ರ ಡಿಸೆಂಬರ್‌ನಲ್ಲಿ ಹಿಮೋಫಿಲಿಯಾ ಎ ಕುರಿತು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವರದಿ ಬಂತು. ಅಲ್ಲಿ ಹಿಡಿದದ್ದು ಬೇರೆ ದಾರಿ. ರೋಗಿಯದೇ ರಕ್ತದ ಕಾಂಡಕೋಶಗಳನ್ನು ತೆಗೆದು, ಹೆಚ್ಚು ಜಾಗವಿರುವ ಲೆಂಟಿವೈರಸ್ ಮೂಲಕ ಜೀನು ಸೇರಿಸಿ, ತಿರುಗಿ ಒಳಗೆ ಬಿಡುವುದು. ಈ ಜೀನು ವರ್ಣತಂತುವಿನೊಳಗೇ ಕೂರುತ್ತದೆ, ಕೋಶ ಒಡೆದರೂ ಜೊತೆಗೇ ಹೋಗುತ್ತದೆ. ಚಿಕಿತ್ಸೆ ಪಡೆದ ಐವರು ಗಂಡಸರಿಗೂ ಫ್ಯಾಕ್ಟರ್ ಬಂತು, ರಕ್ತಸ್ರಾವ ನಿಂತಿತು. ಈ ಸಲ ನಾನು ಕೊನೆಯ ಸಾಲಿನವರೆಗೂ ಓದಿದೆ. ಹೊಸ ಕೋಶಗಳಿಗೆ ಜಾಗ ಮಾಡಲು ಮಜ್ಜೆಯನ್ನು ಕೀಮೋ ಕೊಟ್ಟು ಖಾಲಿ ಮಾಡಬೇಕು. ಅದರಿಂದ ಮುಂದೆ ಮಕ್ಕಳಾಗದಿರುವ ಅಪಾಯವೂ ಇದೆ. ತಂಗಿಗೆ ಎರಡನ್ನೂ ಹೇಳಿದೆ.

ಹುಡುಗನ ಜೀನಿನ ರಿಪೋರ್ಟ್ ಈಗ ನನ್ನ ಫೋನಿನಲ್ಲಿದೆ: ಇಂಟ್ರಾನ್ 22 ತಿರುಗುಮುರುಗು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದೇ ದೋಷ. ಜೀನಿನ ದೊಡ್ಡ ಭಾಗವೇ ತಲೆಕೆಳಗಾಗಿರುತ್ತದೆ. ಮೊನ್ನೆ ಗೆಳೆಯನೊಬ್ಬ, ಜೀನಿನ ಒಂದೇ ಅಕ್ಷರ ತಿದ್ದುವ ಹೊಸ ತಂತ್ರದ ವಿಡಿಯೊ ಕಳಿಸಿ, ‘ತಂಗಿಗೆ ತೋರಿಸು’ ಎಂದ. ಅಕ್ಷರ ತಿದ್ದಿದರೆ ಇದು ನೆಟ್ಟಗಾಗದು. ವಿಡಿಯೊವನ್ನು ಮುಂದೆ ಕಳಿಸದೆ, ಫಿಸಿಯೋಥೆರಪಿಗೆ ಹೋದಿರಾ ಎಂದು ತಂಗಿಯನ್ನು ಕೇಳಿದೆ.